ಶಾಲು ಹೊದಿಸಿದ ಮೇಲೆ ಹಾಕಿದ ಓವರ್

ನಾನು ಕೊನೆಯ ಓವರಿನವನು. ನಮ್ಮ ಕಡೆಯ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಮೊದಲ ಓವರ್ ಹಾಕಲು ಎಲ್ಲರೂ ಮುಂದೆ ಬರುತ್ತಾರೆ. ಚೆಂಡು ಹೊಸದು, ಹುರುಪು ಹೊಸದು, ಇನ್ನೂ ಯಾರೂ ಯಾರಿಗೂ ಬೈದಿರುವುದಿಲ್ಲ. ಕೊನೆಯ ಓವರ್ ಬಂತೆನ್ನುವಾಗ ಅದೇ ಜನ ಬೂಟಿನ ದಾರ ಕಟ್ಟಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸುತ್ತಾರೆ. ಆಗ ನಾಯಕ ಸುತ್ತ ಒಂದು ಸಲ ನೋಡಿ, ಚೆಂಡನ್ನು ನನ್ನ ಕಡೆ ಎಸೆಯುತ್ತಿದ್ದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿನ ಮೈದಾನವಾದರೂ ಇದೇ ಪದ್ಧತಿ. ಅಲ್ಲಿಯವರೆಗೆ ನಾನು ಬೌಂಡರಿ ಗೆರೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ. ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹೀಗೇ ನಡೆಯಿತು.

ನನ್ನ ಹೊಟ್ಟೆಪಾಡು ಬೇರೆ. ಹಿರಿಯೂರಿನಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೇ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತುವ ಕೆಲಸ. ತಾಳ್ಮೆ ಇಲ್ಲದವನಿಗೆ ಆಗದ ಕೆಲಸ ಅದು. ನನಗೆ ದೇವರು ಕೊಟ್ಟಿದ್ದ ತಾಳ್ಮೆಯೆಲ್ಲ ಆ ತಂತಿಗೇ ಖರ್ಚಾಗಿ ಮನೆಗೆ ಬರುವಾಗ ಒಂದಿಷ್ಟೂ ಉಳಿದಿರುತ್ತಿರಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ.

ಬೌಲಿಂಗ್ ನನಗೆ ಯಾರೂ ಕಲಿಸಿದ್ದಲ್ಲ. ನಮ್ಮದು ಜವನಗೊಂಡನಹಳ್ಳಿ ಪಕ್ಕದ ಹಳ್ಳಿ, ಕುರಿ ಸಾಕುವ ಮನೆತನ. ಕುರಿ ಕಾಯುವವನು ಕುರಿಗೆ ಕಲ್ಲು ಹೊಡೆಯುವುದಿಲ್ಲ, ಕುರಿಯ ಮುಂದಕ್ಕೆ ಹೊಡೆಯುತ್ತಾನೆ. ಹಿಂಡು ಯಾರದೋ ಹೊಲಕ್ಕೆ ನುಗ್ಗುವಂತಿದ್ದರೆ, ಎಲ್ಲಕ್ಕಿಂತ ಮುಂದಿರುವ ಕುರಿಯ ಮೂತಿಯೆದುರು ಒಂದು ಗೇಣು ದೂರದಲ್ಲಿ ಕಲ್ಲು ಬೀಳಬೇಕು. ಮಣ್ಣು ಹಾರಿದ ಕೂಡಲೇ ಅದು ತಿರುಗುತ್ತದೆ, ಅದರ ಹಿಂದೆ ಹಿಂಡೆಲ್ಲ ತಿರುಗುತ್ತದೆ. ಕಲ್ಲು ಕುರಿಗೆ ತಗುಲಿದರೆ ಸಂಜೆ ನಮ್ಮಣ್ಣ ನನಗೆ ತಗುಲಿಸುತ್ತಿದ್ದ. ಹಾಗಾಗಿ ಎಸೆದದ್ದು ಬೇಕಾದ ಕಡೆ ಬೀಳುವುದು ನನಗೆ ಚಿಕ್ಕಂದಿನಿಂದಲೇ ಬಂದುಬಿಟ್ಟಿತ್ತು. ಬ್ಯಾಟ್ಸ್‌ಮನ್ ಕಾಲ ಬೆರಳ ಮುಂದೆ, ಬ್ಯಾಟಿನ ಬುಡಕ್ಕೆ ಬೀಳುವ ಚೆಂಡಿಗೆ ಯಾರ್ಕರ್ ಎನ್ನುತ್ತಾರೆಂದು ಗೊತ್ತಾಗಿದ್ದು ಎಷ್ಟೋ ಆಮೇಲೆ. ನಾನು ಹಾಕುತ್ತಿದ್ದುದು ಅದೊಂದೇ ಚೆಂಡು. ಎಲ್ಲರಿಗೂ ಅದೇ ಬರುತ್ತದೆಂದು ಗೊತ್ತಿರುತ್ತಿತ್ತು, ಗೊತ್ತಿದ್ದೂ ಹೊಡೆಯಲು ಆಗುತ್ತಿರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದರೆ ಹೌದು, ಜಂಬದಿಂದಲೇ ಹೇಳುತ್ತಿದ್ದೇನೆ.

ಆ ಜಂಬ ಚಿತ್ರದುರ್ಗದಲ್ಲಿ ಇಳಿಯಿತು. ಸೆಮಿಫೈನಲ್, ಕೊನೆಯ ಓವರ್, ಮೂರನೆಯದೋ ನಾಲ್ಕನೆಯದೋ ಚೆಂಡು. ಕೈ ಮೇಲಿನಿಂದ ಇಳಿಯುವಾಗ ಭುಜದೊಳಗೆ ಹಸಿ ಟೊಂಗೆ ಸಿಗಿದ ಹಾಗಾಯಿತು. ಚೆಂಡು ಎಲ್ಲಿಗೆ ಹೋಯಿತೆಂದು ನಾನು ನೋಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಪಿಚ್ಚಿನ ಮೇಲೆ ಕೂತುಬಿಟ್ಟೆ. ಉಳಿದ ಚೆಂಡುಗಳನ್ನು ನಮ್ಮ ನಾಯಕನೇ ಹಾಕಿದ, ನಾವು ಸೋತೆವು. ಅವನು ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ನಮ್ಮ ಬೀದಿಯಲ್ಲೇ ಮೊಬೈಲ್ ಅಂಗಡಿ ಇಟ್ಟಿರುವವನು. ಅವತ್ತು ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಸೋತಾಗ ಬಾಯಿಗೆ ಬಂದಂತೆ ಬೈಯುವವನು ಸುಮ್ಮನಿದ್ದದ್ದು ನೋಡಿಯೇ ನನಗೆ ದಿಗಿಲಾಯಿತು.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಭುಜದ ನರದಂಥ ದಪ್ಪ ಪಟ್ಟಿಯೊಂದು ಹರಿದಿತ್ತಂತೆ, ಅದನ್ನು ಎಳೆದು ಮೂಳೆಗೆ ಹೊಲಿದರು. ಡಾಕ್ಟರು ಒಳ್ಳೆಯವರು. "ಮುಂದೆ ಆಡಬಹುದಾ ಸಾರ್?" ಎಂದು ಕೇಳಿದೆ. "ಅಂಗಿ ಹಾಕ್ಕೋಬಹುದು, ತಲೆ ಬಾಚ್ಕೋಬಹುದು, ಬೈಕ್ ಓಡಿಸಬಹುದು, ನಿಮ್ಮ ಅಂಗಡಿ ಕೆಲಸ ಮಾಡಬಹುದು" ಎಂದರು. ನಾನು ಕೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ಪಾಡು. ಕೈಯನ್ನು ಜೋಳಿಗೆಯಲ್ಲಿ ಹಾಕಿ ಕತ್ತಿಗೆ ಕಟ್ಟಿದ್ದರು. ಒಂದೂವರೆ ತಿಂಗಳು ಹಾಗೇ ಇರಬೇಕು. ಕೂತರೆ ಕೂರಲಾಗುತ್ತಿರಲಿಲ್ಲ, ಮಲಗಿದರೆ ಮಗ್ಗುಲು ಬದಲಿಸಲಾಗುತ್ತಿರಲಿಲ್ಲ. ಅಂಗಡಿಗೆ ಹೋಗಿ ಕೆಲಸದವರ ತಲೆ ತಿಂದು ಬರುತ್ತಿದ್ದೆ. ಮನೆಯಲ್ಲಿ ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡಿಗೆಮನೆಗೆ ಓಡಾಡುತ್ತಿದ್ದೆ. ಎಡಗೈಯಲ್ಲಿ ಒಂದು ಹಳೇ ಚೆಂಡು ಸದಾ ಇರುತ್ತಿತ್ತು. ಅದನ್ನು ಗೋಡೆಗೆ ಹೊಡೆದು ಹಿಡಿಯುವುದು, ಹೊಡೆದು ಹಿಡಿಯುವುದು.

"ಒಂದ್ ಗಳಿಗೆ ಕುಂತ್ಕಳ್ರಿ," ಎಂದು ಹೆಂಡತಿ ಕೈಮುಗಿದಳು. "ನಿಮ್ ಕಾಲಿಗೆ ಆಪ್ರೇಷನ್ ಮಾಡ್ಸಿದ್ರೆ ಚೆನ್ನಾಗಿರ್ತಿತ್ತು. ಮನೇಲಿ ಎಲ್ರಿಗೂ ವಿಶ್ರಾಂತಿ ಸಿಗ್ತಿತ್ತು."

ಜೋಳಿಗೆ ಬಿಚ್ಚಿದ ಮೇಲೆ ಚಿತ್ರದುರ್ಗದಲ್ಲಿ ಫಿಸಿಯೋಥೆರಪಿ. ಅದನ್ನು ಮಾಡಿಸುವಾಕೆ ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರು. ಮಾತು ಮೆದು, ಕೈ ಮಾತ್ರ ಕಬ್ಬಿಣ. ಹಿರಿಯೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೈವೇ ಪಕ್ಕದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಆರಾಮಾಗಿ ತೋಳು ತಿರುಗಿಸುತ್ತಿರುತ್ತವೆ. ಅವನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ನಂಬಿದರೆ ನಂಬಿ. ಅಲ್ಲಿ ಆಕೆ ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಹಲ್ಲಿಯ ಹಾಗೆ ಮೇಲಕ್ಕೆ ಹತ್ತಿಸಿ ಎನ್ನುತ್ತಿದ್ದರು. ಎದೆಮಟ್ಟಕ್ಕೆ ಹೋಗುವುದರಲ್ಲೇ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಕಾಲದಲ್ಲಿ ನನ್ನ ಕೈ ಕಿವಿಗೆ ಸವರಿಕೊಂಡು ಆಕಾಶಕ್ಕೆ ಹೋಗುತ್ತಿತ್ತು. ಈಗ ಬಟ್ಟೆ ಒಣಗಿಸುವ ತಂತಿಗೂ ಎಟುಕುತ್ತಿರಲಿಲ್ಲ.

"ಎಸೆಯೋದು ಯಾವಾಗ ಮೇಡಂ?" ಪ್ರತಿ ಸಲವೂ ಕೇಳುತ್ತಿದ್ದೆ.

"ನಾನು ಹೇಳಿದಾಗ. ಅಲ್ಲಿವರೆಗೆ ಒಂದು ಹುಣಸೆಬೀಜಾನೂ ಎಸೆಯಂಗಿಲ್ಲ," ಎನ್ನುತ್ತಿದ್ದರು.

ಹುಣಸೆಬೀಜ ಎಸೆಯಲಿಲ್ಲ. ಎಸೆದದ್ದು ಕಲ್ಲು. ಮನೆಯಲ್ಲಿ ತಡೆಯಲಾರದೆ ನಮ್ಮಣ್ಣನ ಹತ್ತಿರ ಹಳ್ಳಿಗೆ ಹೋಗಿದ್ದೆ. ಅವನು ಈಗಲೂ ಕುರಿ ಸಾಕುತ್ತಾನೆ, ವ್ಯವಸಾಯವನ್ನೂ ಮಾಡುತ್ತಾನೆ. ಬೀಳು ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಅಣ್ಣ ಆ ತುದಿಯಲ್ಲಿದ್ದ, ನಾನು ಈ ತುದಿಯಲ್ಲಿ ಬೇವಿನ ಮರದ ಕೆಳಗಿದ್ದೆ. ಬಿಳಿ ಕುರಿಯೊಂದು ಬದು ದಾಟಿ ಪಕ್ಕದವರ ಶೇಂಗಾಕ್ಕೆ ಮುಖ ಮಾಡಿತು. ಹಿಂದೆ ನಾಲ್ಕೈದು ಹೊರಟವು. ನಾನು ಯೋಚನೆ ಮಾಡಲೇ ಇಲ್ಲ. ಬಗ್ಗಿದೆ, ಕಲ್ಲು ತಗೊಂಡೆ, ಎಸೆದೆ. ಬಲಗೈಯಲ್ಲಿ.

ಭುಜ ಬೆಂಕಿ ಬಿದ್ದ ಹಾಗೆ ಉರಿಯಿತು. ಮಂಡಿಯೂರಿ ಕೂತುಬಿಟ್ಟೆ. ಹೊಲಿಗೆ ಹರಿಯಿತು, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅಂಥ ನೋವಿನಲ್ಲೂ ಕಲ್ಲು ಎಲ್ಲಿ ಬಿತ್ತೆಂದು ನೋಡಿದೆ. ಅದು ಕುರಿಗೂ ನನಗೂ ನಡುವೆ ಎಲ್ಲೋ ಸತ್ತಂತೆ ಬಿದ್ದಿತ್ತು. ಕುರಿ ಕತ್ತೆತ್ತಿ ನೋಡುವ ತೊಂದರೆಯನ್ನೂ ತಗೊಳ್ಳಲಿಲ್ಲ. ನೇರ ಶೇಂಗಾದೊಳಗೆ ಹೋಗಿ ಮೇಯತೊಡಗಿತು.

ಅಣ್ಣ ಓಡಿ ಬಂದ. ಮೊದಲು ಕುರಿ ಹೊಡೆದುಕೊಂಡು ಬಂದ, ಆಮೇಲೆ ನನ್ನ ಹತ್ತಿರ ಬಂದ. "ಏನ್ಲೇ ಮಾಡ್ಕಂಡೆ? ಕೈ ಕೆಟ್ಟೈತೆ ಅಂತ ಮರ್ತೋಯ್ತಾ?" ಎಂದ. ನನ್ನ ಮುಖ ನೋಡಿ ಹೆದರಿದವನು ನಾನು ಅಳುತ್ತಿಲ್ಲವೆಂದು ಗೊತ್ತಾದ ಮೇಲೆ ನಗಲು ಶುರುಮಾಡಿದ. "ಕುರಿನೂ ಮರ್ಯಾದಿ ಕೊಡ್ಲಿಲ್ವಲ್ಲೋ ನಿನ್ ಕಲ್ಲಿಗೆ. ಇನ್ನು ಬ್ಯಾಟ್ ಹಿಡ್ಕಂಡೋನು ಕೊಡ್ತಾನಾ? ಸಾಕು ಬಿಡಪ್ಪ, ಆಡಿದ್ದು." ಅವನು ನಕ್ಕಿದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ನಿಜ ಹೇಳಬೇಕೆಂದರೆ ಅವನಿಗಿಂತ ಆ ಕುರಿಯ ಮೇಲೇ ನನಗೆ ಹೆಚ್ಚು ಸಿಟ್ಟಿತ್ತು.

ಹೊಲಿಗೆ ಹರಿದಿರಲಿಲ್ಲ. ಫಿಸಿಯೋ ಮೇಡಂ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಹದಿನೈದು ದಿನ ಹಿಂದಕ್ಕೆ ಹೋದಿರಿ ಎಂದರು. ಬೈಯಲಿಲ್ಲ. "ಯಾಕೆ ಎಸೆದ್ರಿ?" ಎಂದು ಮಾತ್ರ ಕೇಳಿದರು. "ಕುರಿ ಹೋಯ್ತು ಮೇಡಂ" ಎಂದೆ. ಕುರಿ ಮನೆಯಲ್ಲಿ ಹುಟ್ಟಿದವನು ಬದು ದಾಟುವ ಕುರಿಯನ್ನು ಸುಮ್ಮನೆ ನೋಡುತ್ತಾ ಕೂರಲಾರ, ಕೈ ಇರಲಿ ಬಿಡಲಿ.

ಅದಾದ ಮೇಲೆ ಹೇಳಿದ್ದನ್ನು ಕೇಳಿದೆ. ರಬ್ಬರ್ ಪಟ್ಟಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಎಳೆದೆ. ಗೋಡೆ ಹತ್ತಿದೆ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಆಕೆ ಚೆಂಡನ್ನು ಕೈಗೆ ಕೊಟ್ಟು, ಹತ್ತು ಹೆಜ್ಜೆ ದೂರ ನಿಂತು, ಎಸೆಯಿರಿ ಎಂದರು. ಎಸೆದೆ. ಕ್ಯಾಚ್ ಹಿಡಿದರು. ಅಷ್ಟೇ. ಹೊರಗೆ ಬಂದು ಬಸ್‌ಸ್ಟಾಂಡಿನಲ್ಲಿ ಕಾಫಿ ಲೋಟವನ್ನು ಬೇಕೆಂದೇ ಬಲಗೈಯಲ್ಲಿ ಎತ್ತಿ ಕುಡಿದೆ.

ಆದರೆ ಬೌಲಿಂಗ್ ಎಲ್ಲಿ ಮಾಡುವುದು? ನಮ್ಮ ತಂಡ ಆಡುತ್ತಿದ್ದುದು ಕೆರೆಯಂಗಳದಲ್ಲಿ. ನನ್ನ ಪ್ರಾಯವೆಲ್ಲ ಅದು ಒಣಗಿಯೇ ಇತ್ತು. ಈಚಿನ ಮಳೆಗೆ ಕೆರೆ ತುಂಬಿ, ನಮ್ಮ ಪಿಚ್ಚು ಎರಡಾಳು ನೀರಿನಡಿ ಹೋಗಿತ್ತು. ಊರೆಲ್ಲ ಬಾಗಿನ ಬಿಟ್ಟು ಖುಷಿಪಡುತ್ತಿದ್ದರೆ ನಾನೊಬ್ಬ ಏರಿಯ ಮೇಲೆ ನಿಂತು ಗೊಣಗುತ್ತಿದ್ದೆ. ಕೊನೆಗೆ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ, ಒಂದು ಸುಟ್ಟ ಮೋಟಾರನ್ನು ನಿಲ್ಲಿಸಿ, ಬೆಳಿಗ್ಗೆ ಹೊತ್ತು ಅದಕ್ಕೆ ಹಾಕತೊಡಗಿದೆ. ವೇಗ ಮೊದಲಿನ ಅರ್ಧವೂ ಇರಲಿಲ್ಲ. ಕೈ ಮೇಲೆ ಹೋಗುವಾಗೊಮ್ಮೆ ಒಳಗಿನಿಂದ ಯಾರೋ ಹುಷಾರು ಅನ್ನುತ್ತಿದ್ದರು. ಆ ದನಿಯಿಂದಾಗಿಯೇ ಚೆಂಡು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿತ್ತು.

ನಾಯಕ ಆ ದಿನಗಳಲ್ಲಿ ನನ್ನನ್ನು ಕಂಡರೆ ದಾರಿ ತಪ್ಪಿಸುತ್ತಿದ್ದ. ಅವನ ಅಂಗಡಿಗೆ ಹೋಗಿ, "ಯಾವಾಗ ಮ್ಯಾಚು?" ಎಂದರೆ, "ಮೊದ್ಲು ಕೈ ಹುಷಾರ್ ಮಾಡ್ಕಳಣ್ಣ" ಎಂದು ಯಾರದೋ ಮೊಬೈಲಿನ ಒಳಗೆ ತಲೆ ತೂರಿಸುತ್ತಿದ್ದ. ಅಷ್ಟರಲ್ಲಿ ಹೊಳಲ್ಕೆರೆಯಿಂದ ಫೋನು ಬಂತು. ಅಲ್ಲಿ ಪ್ರತಿ ವರ್ಷ ಟೂರ್ನಮೆಂಟ್ ನಡೆಸುವ ಸಂಘದವರು.

"ಅಣ್ಣ, ಫೈನಲ್ ದಿನ ನೀವು ಬರ್ಲೇಬೇಕು. ನೀವಿಲ್ದಿದ್ರೆ ಹೊಳಲ್ಕೆರೆ ಟೂರ್ನಮೆಂಟ್ ಟೂರ್ನಮೆಂಟೇ ಅಲ್ಲ. ಹಿರಿಯೂರ್ ತಂಡಾನೂ ಫೈನಲ್‌ಗೆ ಬಂದೈತೆ," ಎಂದರು.

ನಮ್ಮ ತಂಡ ಫೈನಲ್ಲಿಗೆ ಬಂದಿದೆ, ನನ್ನನ್ನು ಕರೆಯುತ್ತಿದ್ದಾರೆ. ಇನ್ನೇನು ಬೇಕು? ಬೂಟು ತೊಳೆದು ಬಿಸಿಲಿಗಿಟ್ಟೆ. ಹೆಂಡತಿ ಚಪಾತಿ ಕಟ್ಟಿಕೊಟ್ಟಳು. ಚಿತ್ರದುರ್ಗದಲ್ಲಿ ಬಸ್ ಬದಲಿಸಿದೆ. ಹೊಳಲ್ಕೆರೆ ಬಸ್ಸಿನಲ್ಲಿ ಸಿರಿಗೆರೆಯ ಹಾಸ್ಟೆಲಿಗೆ ಹೋಗುವ ವಿದ್ಯಾರ್ಥಿಗಳ ಹಾಗೆ ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ಬೆರಳು ಚೀಲದ ಮೇಲೆ ಚೆಂಡು ಹಿಡಿಯುವ ಹಾಗೆ ಹಿಡಿಯುತ್ತಿತ್ತು.

ಮೈದಾನದ ಬಾಗಿಲಲ್ಲೇ ಸಂಘದವರು ಕೈ ಹಿಡಿದುಕೊಂಡರು. ಶಾಮಿಯಾನದ ಕೆಳಗೆ ವೇದಿಕೆ, ಅದರ ಮೇಲೆ ಕೆಂಪು ಬಟ್ಟೆ ಹೊದಿಸಿದ ಕುರ್ಚಿಗಳು. "ಬರ್ರಿ ಅಣ್ಣ, ಕುಂತ್ಕಳ್ರಿ, ಕುಂತ್ಕಳ್ರಿ" ಎಂದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಚೀಲವನ್ನು ಯಾರೋ ಕೈಯಿಂದ ತಗೊಂಡು ಹಿಂದಕ್ಕಿಟ್ಟರು. ಅಷ್ಟಾದರೂ ನನಗೆ ತಿಳಿಯಲಿಲ್ಲ. ತಲೆಗೆ ಪೇಟ ಬಂತು, ಹೆಗಲಿಗೆ ಶಾಲು ಬಂತು, ಕೊರಳಿಗೆ ಹಾರ ಬಂತು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಬಂತು. ಮೈಕಿನಲ್ಲಿ ಒಬ್ಬ ಭಾವುಕನಾಗಿ ಹೇಳುತ್ತಿದ್ದ: "ನಮ್ಮ ಜಿಲ್ಲೆಯ ಹೆಮ್ಮೆಯ ಮಾಜಿ ಬೌಲರ್, ಕೊನೆಯ ಓವರಿನ ರಾಜನಾಗಿ ಮೆರೆದಿದ್ದಂತಹ ನಮ್ಮೆಲ್ಲರ ಪ್ರೀತಿಯ ಅಣ್ಣ..."

ಆಗ ತಿಳಿಯಿತು. ಇವರು ನನ್ನನ್ನು ಆಡಲು ಕರೆದಿಲ್ಲ, ಸನ್ಮಾನಕ್ಕೆ ಕರೆದಿದ್ದಾರೆ. ನಮ್ಮಲ್ಲಿ ಮನುಷ್ಯನನ್ನು ಕೆಲಸದಿಂದ ಬಿಡಿಸುವುದಕ್ಕೆ ಇದಕ್ಕಿಂತ ಗೌರವದ ದಾರಿ ಇಲ್ಲ. ಮೇಷ್ಟ್ರಿರಲಿ, ಲೈನ್‌ಮನ್ ಇರಲಿ, ಒಂದು ಸಲ ಶಾಲು ಹೊದಿಸಿದರೆ ಅವನು ಮರುದಿನ ಕೆಲಸಕ್ಕೆ ಬರುವಂತಿಲ್ಲ. ಸೋತ ಶಾಸಕರಿಗೆ ಹೇಳುವ ಮಾಜಿ ಎನ್ನುವ ಮಾತು ನನ್ನ ಮೇಲೆ ಬಿದ್ದಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಪ್ರೀತಿಯಿಂದಲೇ ತಟ್ಟುತ್ತಿದ್ದರು. ನನಗೆ ಮಾತ್ರ ಅಳು ಬರುವಷ್ಟು ಅವಮಾನವಾಯಿತು.

ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು. "ನಮಸ್ಕಾರ, ನಾನು ಇವತ್ತು ಆಡ್ತೀನಿ" ಎಂದು ಹೇಳಿ ಮೈಕನ್ನು ವಾಪಸ್ ಕೊಟ್ಟೆ. ಪೇಟ, ಶಾಲು, ಹಾರ ಎಲ್ಲವನ್ನೂ ಕುರ್ಚಿಯ ಮೇಲಿಟ್ಟು, ಚೀಲ ಹುಡುಕಿ ತಗೊಂಡು ಕೆಳಗಿಳಿದೆ. ಜನ ಅದನ್ನೂ ಸನ್ಮಾನದ ಭಾಗವೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ನಾಯಕ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. "ಏನಣ್ಣ ಇದು? ಹನ್ನೊಂದು ಜನ ಆಗ್ಲೇ ಬರ್ಸಿದೀನಿ."

"ನನ್ ಹೆಸ್ರು ಬರ್ಸು. ಒಬ್ಬನ್ನ ಕೂರ್ಸು."

ಇಡೀ ಮೈದಾನ ನೋಡುತ್ತಿತ್ತು. ಈಗಷ್ಟೇ ಪೇಟ ತೊಡಿಸಿಕೊಂಡವನಿಗೆ ಆಗುವುದಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹಲ್ಲು ಕಚ್ಚಿಕೊಂಡು ಬರೆಸಿದ. ಅವನಿಗೆ ಫೈನಲ್ ಗೆಲ್ಲಬೇಕಿತ್ತು. ಅವನ ಸಂಕಟ ನನಗೆ ಕಾಣುತ್ತಿತ್ತು, ಕಂಡರೂ ಕಾಣದವನ ಹಾಗಿದ್ದೆ.

ನಾವು ಮೊದಲು ಬ್ಯಾಟ್ ಮಾಡಿದೆವು, ಸಾಕಷ್ಟು ಹೊಡೆದೆವು. ಎದುರಿಗಿದ್ದುದು ಹೊಳಲ್ಕೆರೆ ತಂಡ. ನಾನು ಬೌಂಡರಿಯಲ್ಲಿ ನಿಂತು ಕೈ ತಿರುಗಿಸುತ್ತಾ, ಉಗುರು ಕಚ್ಚುತ್ತಾ, ಒಂದು ಓವರ್ ಮುಗಿದಾಗೊಮ್ಮೆ ನಾಯಕನ ಕಡೆ ನೋಡುತ್ತಿದ್ದೆ. ಅವನು ನೋಡುತ್ತಿರಲಿಲ್ಲ. ಕೊನೆಯ ಓವರಿಗೆ ಅವರಿಗೆ ಹದಿನಾಲ್ಕು ರನ್ ಬೇಕಿತ್ತು. ನಾಯಕ ಚೆಂಡನ್ನು ಇನ್ನೊಬ್ಬ ಬೌಲರಿಗೆ ಕೊಡುವುದಕ್ಕೆ ಕೈ ಎತ್ತಿದ್ದ, ಅಷ್ಟರಲ್ಲಿ ಮೈಕಿನವನು, "ಕೊನೆಯ ಓವರ್, ಅಣ್ಣನೇ ಹಾಕಬೇಕು!" ಎಂದು ಕೂಗಿದ. ಜನ ಹೋ ಎಂದರು. ನಾಯಕ ಚೆಂಡನ್ನು ತಂದು ನನ್ನ ಕೈಯಲ್ಲಿಟ್ಟ, ಎಸೆಯಲಿಲ್ಲ. ಪ್ರಸಾದ ಕೊಡುವವನ ಹಾಗೆ ಇಟ್ಟ.

ಸ್ಟ್ರೈಕಿನಲ್ಲಿದ್ದವನು ತಾಳ್ಯ ಹಳ್ಳಿಯ ಕಡೆಯ ಗಟ್ಟಿ ಆಳು. ಮೊದಲ ಚೆಂಡು ಹಾಕುವಾಗ ಒಳಗಿನ ದನಿ ಹುಷಾರು ಎಂದಿತು. ಹೆಜ್ಜೆ ತಪ್ಪಿ ನನ್ನ ಕಾಲು ಗೆರೆಯಿಂದ ಪೂರ್ತಿ ಒಂದು ಪಾದ ಆಚೆ ಬಿತ್ತು. ಚೆಂಡು ಮೆಲ್ಲಗೆ ಹೋಗಿ ನಡುವೆ ಬಿದ್ದು ಎದ್ದಿತು. ಅವನು ಅದನ್ನು ಬ್ಯಾಟಿನಿಂದ ಸವರಿ ನನ್ನ ಕಡೆಗೇ ಕಳಿಸಿದ. ಜನ ಚಪ್ಪಾಳೆ ತಟ್ಟಿದರು. ನಾನು ಅಂಪೈರ್ ಮುಖ ನೋಡಿದೆ. ಅವನು ಬೇರೆ ಎಲ್ಲೋ ನೋಡುತ್ತಿದ್ದ.

ನಮ್ಮ ಆಟ ಗೊತ್ತಿಲ್ಲದವರಿಗೆ ಹೇಳಬೇಕು. ಇಲ್ಲಿ ಅಂಪೈರಿಂಗಿಗೆ ನಿಲ್ಲುವವನು ಬ್ಯಾಟಿಂಗ್ ತಂಡದವನೇ. ತನ್ನ ತಂಡಕ್ಕೆ ಒಂದು ರನ್ ಸಿಗುತ್ತದೆಂದರೆ ಅವನು ಇಲ್ಲದ ನೋಬಾಲನ್ನೂ ಕೊಡುತ್ತಾನೆ. ಅಂಥವನು ಒಂದು ಪಾದ ಆಚೆ ಬಿದ್ದ ಕಾಲನ್ನು ನೋಡಿಯೂ ಸುಮ್ಮನಿದ್ದಾನೆ! ಎರಡನೆಯ ಚೆಂಡು ಕೈಯಿಂದ ಜಾರಿ ಸೊಂಟದ ಮಟ್ಟಕ್ಕೆ ಫುಲ್‌ಟಾಸ್ ಹೋಯಿತು. ಕಣ್ಣುಮುಚ್ಚಿ ಹೊಡೆದರೂ ರಸ್ತೆಗೆ ಹೋಗಬೇಕಾದ ಚೆಂಡು. ಅವನು ಅದನ್ನೂ ಬಗ್ಗಿ, ಮೆತ್ತಗೆ ತಡೆದು ಕಾಲ ಬಳಿ ಕೂರಿಸಿದ.

ನಾನು ಓಟ ಶುರುಮಾಡುವ ಜಾಗಕ್ಕೆ ಹೋಗಲಿಲ್ಲ. ನೇರ ಅವನ ಹತ್ತಿರ ಹೋದೆ.

"ಯಾಕಪ್ಪ ಹೊಡೀತಿಲ್ಲ?"

ಅವನು ನಾಚಿಕೊಂಡ. "ಅಣ್ಣ, ನಾನ್ ಹೈಸ್ಕೂಲ್‌ನಾಗೆ ಇದ್ದಾಗ ನಿಮ್ ಬೌಲಿಂಗ್ ನೋಡಾಕೆ ತಾಳ್ಯದಿಂದ ಸೈಕಲ್ ತುಳ್ಕಂಡ್ ಬರ್ತಿದ್ದೆ. ಆಪ್ರೇಷನ್ ಆಗಿ ಬಂದೀರಿ. ಈಗ ತಾನೆ ಸನ್ಮಾನ ಮಾಡೇವಿ. ಹೆಂಗ್ ಹೊಡೀಲಿ ನಿಮ್ಗೆ? ನಮ್ಮೋರೂ ಬ್ಯಾಡ ಅಂದಾರೆ. ಒಂದ್ ಕಪ್ ಹೋದ್ರೆ ಹೋಗ್ಲಿ."

ಅವನ ಕಣ್ಣಲ್ಲಿ ಪ್ರೀತಿಯಿತ್ತು. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋಡೆ ಹತ್ತಿ ಹತ್ತಿ, ಅತ್ತು ಅತ್ತು ನಾನು ವಾಪಸ್ ಬಂದದ್ದು ಇವರ ಕನಿಕರದ ಎದುರಿಗಾ?

"ನೋಡು," ಎಂದೆ. "ನೀನು ಹೊಡೀದೇ ಹೋದ್ರೆ ನಾನು ಬೌಲರ್ ಅಲ್ಲ ಅಂತ ಈ ಊರಿನ ಮುಂದೆ ಹೇಳ್ದಂಗೆ. ನನ್ ಮೇಲೆ ಒಂಚೂರಾದ್ರೂ ಮರ್ಯಾದಿ ಐತಾ ನಿಂಗೆ? ಇದ್ರೆ ಹೊಡಿ." ತಿರುಗಿ ಬರುವಾಗ ಅಂಪೈರಿಗೂ ಹೇಳಿದೆ: "ನೀನೂ ಕಣ್ ಬಿಟ್ಕಂಡು ನೋಡಪ್ಪ."

ಮೂರನೆಯ ಚೆಂಡು. ಅವನು ಹೊಡೆದ. ಚೆಂಡು ನನ್ನ ತಲೆಯ ಮೇಲಿಂದ, ಶಾಮಿಯಾನದ ಮೇಲಿಂದ ಹಾದು ಆಚೆ ರಸ್ತೆಯಲ್ಲಿ ಬಿತ್ತು. ಮೈದಾನ ಹುಚ್ಚೆದ್ದಿತು. ನಮ್ಮ ನಾಯಕ ತಲೆ ಮೇಲೆ ಕೈ ಹೊತ್ತು ನಿಂತ.

ನನಗೆ ಸಿಟ್ಟು ಬಂತು. ಎಷ್ಟು ತಿಂಗಳಾಗಿತ್ತು ಅಂಥ ಸಿಟ್ಟು ಬಂದು! ಹೊಡೆಯೆಂದು ಹೇಳಿದವನು ನಾನೇ ಎನ್ನುವುದು ಮರೆತೇಹೋಯಿತು. ಇವನ ಬ್ಯಾಟಿನ ಬುಡ ಕೀಳಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಓಡಿ ಬಂದು ಹಾಕಿದೆ. ಒಳಗಿನ ದನಿ ಏನೂ ಹೇಳಲಿಲ್ಲ, ಹೇಳಿದ್ದರೂ ನನಗೆ ಕೇಳಿಸಲಿಲ್ಲ. ಚೆಂಡು ಬೆರಳ ಮುಂದೆಯೇ ಬಿತ್ತು. ಅವನ ಬ್ಯಾಟು ಇಳಿಯುವುದರೊಳಗೆ ಬೂಟಿಗೆ ಬಡಿಯಿತು. ಅವನು ಕುಂಟುತ್ತಾ ಒಂದು ಸುತ್ತು ಹಾಕಿದ. ನಮ್ಮ ಟೆನಿಸ್ ಬಾಲಿನಲ್ಲಿ ಎಲ್‌ಬಿ ಇಲ್ಲ, ಇದ್ದಿದ್ದರೆ ಅವನು ಮನೆಗೆ ಹೋಗಬೇಕಿತ್ತು. ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಸೈಕಲ್ ತುಳಿದು ಬಂದ ಹುಡುಗ ಇರಲಿಲ್ಲ.

ಐದನೆಯದೂ ಅದೇ ಜಾಗಕ್ಕೆ ಹಾಕಿದೆ. ಅವನು ಕಾಲು ಹಿಂದಿಟ್ಟುಕೊಂಡು ಕಾದಿದ್ದ, ಎತ್ತಿ ಮತ್ತೆ ಸಿಕ್ಸ್ ಹೊಡೆದ. ಈಗ ಒಂದು ಚೆಂಡಿಗೆ ಎರಡು ರನ್. ನಾನು ನಾಯಕನನ್ನು ಕೂಗಿ, "ಕೀಪರ್ ಹಿಂದೆ ಎಡಕ್ಕೆ ಒಬ್ಬನ್ನ ಇಡು" ಎಂದೆ. "ಬ್ಯಾಡ, ಅವ್ನು ಎದ್ರಿಗೇ ಹೊಡಿಯೋದು," ಎಂದು ಅವನು ಆ ಕಡೆ ಇದ್ದವನನ್ನೂ ಮುಂದಕ್ಕೆ ಕರೆದುಕೊಂಡ. ಹಾಕಿದೆ. ಚೆಂಡು ಅವನ ಕಾಲ ಪಕ್ಕದಲ್ಲೇ, ಬ್ಯಾಟಿಗೆ ಎಟುಕುವ ಹಾಗೆ ಹೋಯಿತು, ಅವನು ಬೀಸಿ ತಪ್ಪಿದ. ಅಂಪೈರ್ ಎರಡೂ ಕೈ ಅಗಲಿಸಿ ನಿಂತಿದ್ದ. ವೈಡ್!

"ಯಾವ್ ಕಣ್ಣಾಗೆ ನೋಡ್ದೆ ಅದನ್ನ?" ಎಂದು ನಾನು ಅವನ ಮೇಲೆ ಏರಿಹೋದೆ.

"ನೀನ್ ತಾನೆ ಕಣ್ ಬಿಟ್ಕಂಡು ನೋಡು ಅಂದಿದ್ದು? ನೋಡ್ದೆ. ವೈಡು. ಹೋಗಿ ಹಾಕು ಹೋಗು!" ಎಂದು ಅವನೂ ಎದೆ ಕೊಟ್ಟು ನಿಂತ.

ಅದು ವೈಡ್ ಅಲ್ಲ. ಇವತ್ತಿಗೂ ಅಲ್ಲ. ಕೊನೆಯ ಚೆಂಡಿಗೆ ಒಂದು ರನ್ ಬೇಕಾಯಿತು. ಮತ್ತೆ ಬೆರಳ ಮುಂದಕ್ಕೇ ಹಾಕಿದೆ, ಇಡೀ ಓವರಿನಲ್ಲಿ ಅದಕ್ಕಿಂತ ಒಳ್ಳೆಯ ಚೆಂಡು ಬಿದ್ದಿರಲಿಲ್ಲ. ಅವನು ಹೇಗೋ ಬ್ಯಾಟು ಕುಟ್ಟಿದ. ಅಂಚಿಗೆ ತಗುಲಿದ ಚೆಂಡು ಕೀಪರ್ ಹಿಂದೆ, ಎಡಕ್ಕೆ, ಯಾರೂ ಇಲ್ಲದ ಜಾಗದಲ್ಲಿ ಉರುಳಿಕೊಂಡು ಗೆರೆ ದಾಟಿತು. ಆ ತಾಳ್ಯದವನು ಬ್ಯಾಟು ಎಸೆದು ನನ್ನ ಮುಖದ ಮುಂದೆಯೇ ಬಂದು ಕುಣಿದ. ಕಾಲಿಗೆ ಬೀಳಲಿಲ್ಲ, ಅಣ್ಣ ಎನ್ನಲಿಲ್ಲ.

ವಾಪಸ್ ಬರುವಾಗ ತಂಡದ ಟೆಂಪೋದಲ್ಲಿ ನನ್ನನ್ನೂ ಹತ್ತಿಸಿಕೊಂಡರು. ಸಂಘದವರು ಹಣ್ಣಿನ ಬುಟ್ಟಿಯನ್ನು ಒಳಗೆ ಇಟ್ಟು ಕಳಿಸಿದ್ದರು. ಹುಡುಗರು ಅದರ ಸೇಬು ಕಚ್ಚುತ್ತಾ ಮುಖ ಊದಿಸಿಕೊಂಡು ಕೂತಿದ್ದರು. ನನ್ನ ಭುಜ ನೋಯುತ್ತಿತ್ತು. ಹರಿದ ನೋವಲ್ಲ, ದುಡಿದ ನೋವು, ಆ ವ್ಯತ್ಯಾಸ ನನಗೆ ಗೊತ್ತು. ನಾಯಕ ಚಿತ್ರದುರ್ಗ ದಾಟುವವರೆಗೆ ತಡೆದುಕೊಂಡಿದ್ದ. ಆಮೇಲೆ ತಡೆಯಲಾಗಲಿಲ್ಲ.

"ಗೆದ್ದಿರೋ ಮ್ಯಾಚು! ಅವ್ನು ಸುಮ್ನೆ ಕುಟ್ಟಿಕೆಂಡು ಹೋಗ್ತಿದ್ದ. ಹೋಗಿ ಹೊಡಿ ಹೊಡಿ ಅಂತ ಕಾಲ್ ಕೆರ್ದೆ. ತಲಿ ಐತಾ ನಿಂಗೆ? ಬುದ್ಧಿ ಐತಾ? ಇಡೀ ತಂಡಾನ ಬಾವಿಗೆ ಹಾಕ್ದೆ!"

"ಕೀಪರ್ ಹಿಂದೆ ಆಳ್ ಇಡು ಅಂದ್ನಲ್ಲ, ಯಾಕ್ ಇಡ್ಲಿಲ್ಲ?"

"ನಾನ್ ಕ್ಯಾಪ್ಟನ್ನು!"

"ಆಳ್ ಇಡಾಕೆ ಬರದಿರೋ ಕ್ಯಾಪ್ಟನ್ನು! ಆ ಚೆಂಡಿಗೆ ರನ್ ಎಲ್ಲಿತ್ತು ಹೇಳು? ನೀನ್ ಬಾಗ್ಲು ತೆಗ್ದಿಟ್ಟಿದ್ದೆ, ಹೋಯ್ತು!"

ಡ್ರೈವರ್ ತಿರುಗಿ ತಿರುಗಿ ನೋಡುತ್ತಿದ್ದ. ಹುಡುಗರು ಸೇಬು ತಿನ್ನುವುದನ್ನು ನಿಲ್ಲಿಸಿದ್ದರು. ಇಬ್ಬರೂ ಒಬ್ಬರ ಮೇಲೊಬ್ಬರು ಕೈ ತಿರುವುತ್ತಾ, ಹಿರಿಯೂರಿನ ಬೆಳಕು ಕಾಣುವವರೆಗೆ ಕಿತ್ತಾಡಿದೆವು. ಆಪರೇಷನ್ ಆದ ಮೇಲೆ ನನ್ನ ಜೊತೆ ಯಾರೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ನನಗೆ ಸೋತದ್ದಕ್ಕೆ ನಿಜವಾಗಿಯೂ ಸಂಕಟವಾಗುತ್ತಿತ್ತು, ಆ ಸಂಕಟದ ಒಳಗೇ ಎದೆ ತುಂಬಿ ಬರುತ್ತಿತ್ತು.

ನಮ್ಮ ಬೀದಿಯಲ್ಲಿ ಇಳಿದ ಮೇಲೆ ಅವನು ಅಂಗಡಿಯ ಷಟರ್ ಮುಂದೆ ನಿಂತು, ನನ್ನ ಮುಖ ನೋಡದೆ ಹೇಳಿದ: "ಭಾನ್ವಾರ ಹೊಸದುರ್ಗದಾಗೆ ಮ್ಯಾಚ್ ಐತೆ. ಕೊನೇ ಓವರ್‌ಗೆ ಆಳು ಎಲ್ಲಿ ಬೇಕೋ ನೀನೇ ಇಟ್ಕ. ಸೋತ್ರೆ ಮಾತ್ರ ಅಲ್ಲಿಂದ ನಡ್ಕಂಡೇ ಬರ್ಬೇಕು ನೀನು."

"ನಡ್ಕಂಡ್ ಬರೋನು ನಾನಲ್ಲ, ನೀನು," ಎಂದೆ. ಎಷ್ಟು ಗಂಟೆಗೆ ಹೊರಡುವುದೆಂದು ಕೇಳಿಕೊಂಡು ಮನೆಗೆ ಹೋದೆ.